ಗುಡ್ಡ ಹತ್ತುವಾಗ ಬಿಪಿಗೆ ಏನಾಗುತ್ತದೆ? ನಾಡಿ, ಬಿಪಿ, ವ್ಯಾಯಾಮ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಆರಕ್ಕೆ ನಡೆಯುವವರ ಜೊತೆ ನಾನೂ ನಡೆಯುತ್ತೇನೆ. ಶಾಲೆಯಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದವನು ಅಂತ ಗೊತ್ತಾದ ಮೇಲೆ ಪ್ರಶ್ನೆಗಳು ಶುರುವಾದವು. ತೀರ್ಥಹಳ್ಳಿ, ಸಾಗರ, ಹೊಸನಗರದಿಂದ ಪತ್ರ ಬರೆದು ಕೇಳಿದವರೂ ಇದ್ದಾರೆ. ಬಹಳ ಜನರಲ್ಲಿ ಕಂಡಿದ್ದು ಒಂದೇ ಭಯ: ಜೋರಾಗಿ ನಡೆದರೆ ಅಂಕಿ ಏರುತ್ತದೆ, ಏರಿದರೆ ಏನೋ ಆಗಿಬಿಡುತ್ತದೆ. ಆ ಭಯಕ್ಕೆ ನಡೆಯುವುದನ್ನೇ ಬಿಟ್ಟವರನ್ನು ನೋಡಿದ್ದೇನೆ. ಅದಕ್ಕೇ ಕೂತು ಇದನ್ನು ಬರೆದೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ನಾನು ಡಾಕ್ಟರಲ್ಲ. ಮಾತ್ರೆಯ ವಿಷಯ ಬಂದರೆ ನಿಮ್ಮ ಡಾಕ್ಟರ ಮಾತೇ ಕೊನೆ.

## ಮೊದಲು ಗೊತ್ತಿರಬೇಕಾದ್ದು

ಎದೆಬಡಿತ ಜಾಸ್ತಿ ಆಯ್ತು ಅಂದ್ರೆ ಬಿಪಿನೂ ಅಷ್ಟೇ ಜಾಸ್ತಿ ಆಯ್ತು ಅಂತ ತಾನೆ?

ಅಲ್ಲ. ನಾಡಿ ಅಂದರೆ ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯಿತು ಅನ್ನುವ ಎಣಿಕೆ. ಬಿಪಿ ಅಂದರೆ ರಕ್ತ ನಾಳದ ಗೋಡೆಯನ್ನು ಎಷ್ಟು ಜೋರಾಗಿ ಒತ್ತುತ್ತದೆ ಅನ್ನುವ ಅಳತೆ. ಮೈ ಬಗ್ಗಿಸಿ ದುಡಿದಾಗ ಎರಡೂ ಏರುತ್ತವೆ, ಆದರೆ ಒಂದೇ ಸಮ ಏರುವುದಿಲ್ಲ. ಕೂತಾಗ 70 ಇದ್ದ ನಾಡಿ ಬಿರುಸಾಗಿ ನಡೆದಾಗ 110-120, ಓಡಿದಾಗ 150 ಆಗಬಹುದು. ದುಪ್ಪಟ್ಟಿಗೂ ಜಾಸ್ತಿ. ಅದೇ ಹೊತ್ತಿಗೆ 120 ಇದ್ದ ಮೇಲಿನ ಬಿಪಿ (ಹೃದಯ ಹಿಂಡಿದಾಗಿನ ಒತ್ತಡ) 160-180ರ ಆಸುಪಾಸು ಹೋಗುತ್ತದೆ. 80 ಇದ್ದ ಕೆಳಗಿನ ಅಂಕಿ (ಹೃದಯ ಸಡಿಲವಾದಾಗಿನ ಒತ್ತಡ) ಹೆಚ್ಚುಕಡಿಮೆ ಅಲ್ಲೇ ಇರುತ್ತದೆ, ಒಮ್ಮೊಮ್ಮೆ ಸ್ವಲ್ಪ ಇಳಿಯುವುದೂ ಉಂಟು.

ಯಾಕೆ ಹೀಗೆ? ಅಡಿಕೆ ತೋಟದ ಸ್ಪ್ರಿಂಕ್ಲರ್ ನೆನಪಿಸಿಕೊಳ್ಳಿ. ಒಂದೇ ಗೇಟ್‌ವಾಲ್ವ್ ತೆರೆದು ಮೋಟಾರು ಜೋರು ಮಾಡಿದರೆ ಪೈಪು ಸಿಡಿಯುವಷ್ಟು ಒತ್ತಡ. ನಾಲ್ಕೈದು ವಾಲ್ವ್ ಜೊತೆಗೇ ತೆರೆದರೆ ನೀರು ಎಷ್ಟೋ ಪಟ್ಟು ಹರಿಯುತ್ತದೆ, ಪೈಪಿನ ಒತ್ತಡ ಅಷ್ಟು ಏರುವುದಿಲ್ಲ. ನಡೆಯುವಾಗ ಕಾಲಿನ ಮಾಂಸಖಂಡದ ಸಣ್ಣ ರಕ್ತನಾಳಗಳು ಹಾಗೆಯೇ ತೆರೆದುಕೊಳ್ಳುತ್ತವೆ. ಸುಮ್ನೆ ಕೂತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅದರಲ್ಲಿ ಮಾಂಸಖಂಡಗಳಿಗೆ ಹೋಗುವುದು ಐದನೇ ಒಂದು ಪಾಲು. ಆರೋಗ್ಯವಾಗಿರುವ ಹುಡುಗ ಮೈಮುರಿದು ಓಡಿದರೆ 20 ಲೀಟರ್ ಮುಟ್ಟುತ್ತದೆ, ಅದರಲ್ಲಿ ಐದಕ್ಕೆ ನಾಲ್ಕು ಪಾಲು ಮಾಂಸಖಂಡಕ್ಕೇ.

ವಾಕಿಂಗ್ ಮುಗಿಸಿ ಬಂದು ಮಿಷನ್ ಹಾಕಿದೆ, 162 ತೋರಿಸ್ತು. ಬಿಪಿ ಬಂತಾ ನಂಗೆ?

ಆ ಅಂಕಿಯಿಂದ ಹಾಗೆ ಹೇಳಲು ಬರುವುದಿಲ್ಲ. ನಡೆದು ಬಂದ ಮೈ ಇನ್ನೂ ಕೆಲಸದಲ್ಲೇ ಇರುತ್ತದೆ. ಬಿಪಿ ಇದೆಯೋ ಇಲ್ಲವೋ ಅಂತ ತೀರ್ಮಾನಿಸುವುದು ವಿಶ್ರಾಂತಿಯ ಅಂಕಿಯಿಂದ, ಅದೂ ಬೇರೆ ಬೇರೆ ದಿನ ನೋಡಿ.

ಅಳೆಯುವ ಕ್ರಮ ಕಷ್ಟವೇನಲ್ಲ. ಅರ್ಧ ಗಂಟೆ ಮೊದಲಿನಿಂದ ಕಾಫಿ, ತಂಬಾಕು, ವ್ಯಾಯಾಮ ಯಾವುದೂ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಕೂರಿ. ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಮಾತಾಡಬೇಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ನನ್ನ ತಾಯಿಯನ್ನು ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಎರಡು ಮಹಡಿ ಹತ್ತಿಸಿ, ಉಸಿರು ಬಿಡಲೂ ಬಿಡದೆ ಪಟ್ಟಿ ಸುತ್ತಿದರು. 178 ಬಂತು, ಮಾತ್ರೆ ಹೆಚ್ಚಿಸುವ ಮಾತೂ ಬಂತು. ಹತ್ತು ನಿಮಿಷ ಕೂತು ಮತ್ತೆ ನೋಡಿ ಅಂತ ಬೇಡಿಕೊಂಡೆ. 142ಕ್ಕೆ ಇಳಿದಿತ್ತು.

ಕೂತಾಗ ನನ್ನ ನಾಡಿ 54. ಕಡಿಮೆ ಆಯ್ತಲ್ವಾ?

ದೊಡ್ಡವರಲ್ಲಿ 60ರಿಂದ 100ರವರೆಗೆ ಮಾಮೂಲು ಅನ್ನುತ್ತಾರೆ. ವರ್ಷಗಟ್ಟಲೆ ಓಡಿದವರಲ್ಲಿ, ಮೈಮುರಿದು ದುಡಿದವರಲ್ಲಿ ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತದೆ, ಹಾಗಾಗಿ 50ರ ಆಸುಪಾಸು ಇರುವುದು ಸಹಜ. ತಲೆಸುತ್ತು, ಸುಸ್ತು, ಕಣ್ಣು ಕತ್ತಲೆ ಬರುವುದು ಇದ್ದರೆ ಮಾತ್ರ ಅದು ಬೇರೆ ವಿಷಯ, ಇಸಿಜಿ ಮಾಡಿಸಿ.

## ಎಷ್ಟು ಜೋರು ಸಾಕು

ಮಧ್ಯಮ ವೇಗದಲ್ಲಿ ನಡೀರಿ ಅಂತಾರೆ. ಮಧ್ಯಮ ಅಂದ್ರೆ ಎಷ್ಟು? ವಾಚಿಲ್ಲ ನನ್ನತ್ರ.

ವಾಚು ಬೇಡ, ಜೊತೆಗೊಬ್ಬರು ಸಾಕು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅದು ಮಧ್ಯಮ. ಹಾಡೂ ಸರಾಗ ಬಂದರೆ ಇನ್ನೂ ಹಗುರ. ನಾಲ್ಕು ಪದಕ್ಕೆ ಒಮ್ಮೆ ಉಸಿರು ಎಳೆಯಬೇಕಾದರೆ ಅದು ಜೋರು. ಸುಲಭದ ಪರೀಕ್ಷೆ ಅಂತ ಹಗುರವಾಗಿ ನೋಡಬೇಡಿ. ಉಸಿರು ನಿಮ್ಮ ಮೈಯ ಅಳತೆಗೇ ಏರಿಳಿಯುತ್ತದೆ.

ಇಲ್ಲೊಂದು ಮಾತು. ಒಬ್ಬರಿಗೆ ಮಧ್ಯಮವಾದದ್ದು ಇನ್ನೊಬ್ಬರಿಗೆ ಜೋರು. ಕ್ರೀಡಾಂಗಣದ ಸಮತಟ್ಟಾದ ಟ್ರ್ಯಾಕಿನಲ್ಲಿ ಆರಾಮಾಗಿ ಹರಟುತ್ತಾ ನಡೆಯುವವರೇ ಅದೇ ವೇಗದಲ್ಲಿ ಗುಡ್ಡೇಕಲ್ಲಿನ ಮೆಟ್ಟಿಲು ಹತ್ತಿದರೆ ಮಾತು ನಿಲ್ಲುತ್ತದೆ. ವೇಗ ನೋಡಬೇಡಿ, ಉಸಿರು ನೋಡಿ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಹೀಗಿದೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ, ಇಲ್ಲವೇ 75ರಿಂದ 150 ನಿಮಿಷ ಜೋರು. ಜೊತೆಗೆ ವಾರಕ್ಕೆ ಎರಡು ದಿನ ಮಾಂಸಖಂಡ ಗಟ್ಟಿಯಾಗುವ ಕೆಲಸ.

ದಿನವಿಡೀ ತೋಟದಲ್ಲೇ ಇರ್ತೀನಿ. ನಂಗ್ಯಾಕೆ ವಾಕಿಂಗು?

ತೋಟದಲ್ಲಿ ಏನು ಮಾಡುತ್ತೀರಿ ಅನ್ನುವುದರ ಮೇಲಿದೆ. ಗೊಬ್ಬರದ ಹೆಡಗೆ ಹೊತ್ತು ದರೆ ಹತ್ತಿ ಇಳಿಯುವುದು, ಕಪ್ಪು (ತೋಟದ ಕಾಲುವೆ) ತೆಗೆಯುವುದು, ಗದ್ದೆಯಲ್ಲಿ ನಾಟಿ ಮಾಡುವುದು ಇವೆಲ್ಲ ಲೆಕ್ಕಕ್ಕೆ ಸೇರುತ್ತವೆ. ಬೇರೆ ವಾಕಿಂಗ್ ಬೇಕೇ ಬೇಕು ಅಂತಿಲ್ಲ. ಆದರೆ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದರೆ ಕೈಸೋಲುತ್ತದೆ, ಬೆನ್ನು ನೋಯುತ್ತದೆ, ನಾಡಿ ಮಾತ್ರ ಏರುವುದಿಲ್ಲ. ಕೆಲಸದವರ ಹಿಂದೆ ನಿಂತು ನೋಡಿಕೊಳ್ಳುವುದೂ ಅಷ್ಟೇ. ದಣಿವು ಬೇರೆ, ಹೃದಯಕ್ಕೆ ಸಿಗುವ ವ್ಯಾಯಾಮ ಬೇರೆ. ನಮ್ಮೂರ ಕಡೆ ಈ ಎರಡನ್ನೂ ಒಂದೇ ಅಂದುಕೊಂಡು ಮೋಸ ಹೋಗುವವರು ತುಂಬಾ.

ಕಟ್ಟಿಗೆ ಸೀಳುವಾಗ, ಮೂಟೆ ಎತ್ತುವಾಗ ಬಿಪಿ ಏರುತ್ತಂತೆ. ಓಡೋದಕ್ಕಿಂತ ಜಾಸ್ತಿನಾ?

ಹೌದು. ಇದೇ ಎಲ್ಲರೂ ತಿಳಿದಿರಬೇಕಾದ ಸಂಗತಿ. ನಡೆಯುವಾಗ ಕಾಲಿನ ಮಾಂಸಖಂಡ ಬಿಗಿಯಾಗಿ ಸಡಿಲವಾಗಿ, ಬಿಗಿಯಾಗಿ ಸಡಿಲವಾಗಿ ಸಾಗುತ್ತದೆ, ರಕ್ತ ನಡುವೆ ಹರಿಯುತ್ತದೆ. ಮೂಟೆ ಹಿಡಿದು ಬಿಗಿದಾಗ ಮಾಂಸಖಂಡ ತನ್ನೊಳಗಿನ ನಾಳಗಳನ್ನೇ ಅದುಮಿಬಿಡುತ್ತದೆ. ವಾಲ್ವ್ ಮುಚ್ಚಿ ಮೋಟಾರು ಓಡಿಸಿದ ಹಾಗೆ. ಅದರ ಮೇಲೆ ನಾವು ಉಸಿರು ಕಟ್ಟಿ 'ಹುಂ' ಅಂತ ಮುಕ್ಕರಿಯುತ್ತೇವೆ. ಎದೆ, ಹೊಟ್ಟೆಯೊಳಗಿನ ಒತ್ತಡವೂ ಬಿಪಿಗೆ ಸೇರಿಕೊಳ್ಳುತ್ತದೆ. ಆಗ ಮೇಲಿನದು ಮಾತ್ರ ಅಲ್ಲ, ಕೆಳಗಿನ ಅಂಕಿಯೂ ಜಿಗಿಯುತ್ತದೆ.

1985ರಲ್ಲಿ ಕೆನಡಾದ ಸಂಶೋಧಕರು ಗಟ್ಟಿಮುಟ್ಟಾದ ದೇಹದಾರ್ಢ್ಯಪಟುಗಳ ರಕ್ತನಾಳದೊಳಗೇ ನಳಿಕೆ ಇಟ್ಟು ಅಳೆದರು. ಎರಡೂ ಕಾಲಿನಿಂದ ಭಾರಿ ತೂಕ ತಳ್ಳುವಾಗ ಸರಾಸರಿ 320/250 ಬಂತು. ಕೆಲವೇ ಕ್ಷಣ, ಆರೋಗ್ಯವಂತರು, ಏನೂ ಆಗಲಿಲ್ಲ. ಆದರೆ ಕೂತಾಗಲೇ 160 ಇರುವ, ನಾಳಗಳು ಪೆಡಸಾದ ಅರವತ್ತರ ಮನುಷ್ಯ ಗೊಬ್ಬರದ ಮೂಟೆ ಎಳೆಯುವಾಗ ಈ ಜಿಗಿತ ಬೇಡವೇ ಬೇಡ.

ಹಾಗಂತ ಕೆಲಸ ಬಿಡಲು ಆಗುತ್ತದಾ? ಮಾಡುವ ರೀತಿ ಬದಲಿಸಿ. ಎತ್ತುವಾಗ ಬಾಯಿಯಿಂದ ಉಸಿರು ಬಿಡಿ. ಕೊಡಲಿ ಬೀಳುವಾಗ ಉಸಿರು ಹೊರಗೆ ಹೋಗಲಿ. ಐವತ್ತು ಕೆ.ಜಿ. ಮೂಟೆಯನ್ನು ಎರಡು ಮಾಡಿ ಹೊರಿ. ಎರಡು ದಿಮ್ಮಿ ಸೀಳಿ, ನಿಂತು, ಆಮೇಲೆ ಮೂರನೆಯದು. ತೋಳೆತ್ತಿ ಮಾಡುವ ಕೆಲಸದಲ್ಲಿ ಇನ್ನಷ್ಟು ಎಚ್ಚರ ಇರಲಿ. ಅಷ್ಟೇ ಶ್ರಮವನ್ನು ಕಾಲಿನ ಬದಲು ತೋಳಿನಿಂದ ಮಾಡಿದರೆ ನಾಡಿಯೂ ಬಿಪಿಯೂ ಹೆಚ್ಚು ಏರುತ್ತವೆ. ದೋಟಿ ಹಿಡಿದು ಕತ್ತೆತ್ತಿ ಅಡಿಕೆ ಕೊನೆ ಕೊಯ್ಯುವವರಿಗೆ ಇದು ಅನುಭವದಲ್ಲೇ ಗೊತ್ತು.

ಕೊಡಚಾದ್ರಿಗೆ ಹೋಗಬೇಕು ಅಂತಿದೀವಿ. ಎತ್ತರದಲ್ಲಿ ಬಿಪಿ ಏರಲ್ವಾ?

ಕೊಡಚಾದ್ರಿ 1343 ಮೀಟರ್. ಮುಳ್ಳಯ್ಯನಗಿರಿ 1930. ಆಮ್ಲಜನಕ ಕಡಿಮೆಯಾಗಿ ಕಾಯಿಲೆ ಬೀಳುವಷ್ಟು ಎತ್ತರ ಇವಲ್ಲ. ಏದುಸಿರು ಬರಿಸುವುದು ಏರು, ಎತ್ತರವಲ್ಲ. ಮೊದಲ ಹತ್ತು ನಿಮಿಷ ಬೇಕಂತಲೇ ನಿಧಾನ ನಡೆಯಿರಿ, ಮಾತು ನಿಲ್ಲುವ ಮೊದಲೇ ನಿಲ್ಲಿ.

ನನಗೆ ಇದಕ್ಕಿಂತ ಜೋಗದ ಚಿಂತೆ ಜಾಸ್ತಿ. ಗುಡ್ಡದಲ್ಲಿ ಮೊದಲು ಏರು, ಸುಸ್ತಾದರೆ ವಾಪಸ್ ಇಳಿದು ಬರಬಹುದು. ಜೋಗದ ಬುಡಕ್ಕೆ ಹೋಗುವ ಸಾವಿರಕ್ಕೂ ಮೀರಿದ ಮೆಟ್ಟಿಲುಗಳಲ್ಲಿ ಮೊದಲು ಇಳಿಜಾರು. ಖುಷಿಯಲ್ಲಿ ಇಳಿದುಬಿಡುತ್ತಾರೆ. ಏರು ಶುರುವಾಗುವುದು ಕಾಲು ಸೋತ ಮೇಲೆ, ಬಿಸಿಲೇರಿದ ಮೇಲೆ. ಅರ್ಧ ದಾರಿಯಲ್ಲಿ ಬೇಡ ಅನ್ನುವ ಆಯ್ಕೆಯೇ ಇಲ್ಲ. ನಾಲ್ಕು ಮಹಡಿ ನಿಲ್ಲದೆ ಹತ್ತಲು ಆಗದವರು ಮೇಲಿನಿಂದಲೇ ಜಲಪಾತ ನೋಡಿ, ಅಲ್ಲಿಂದಲೂ ಚೆನ್ನಾಗಿಯೇ ಕಾಣುತ್ತದೆ.

ಅದೇ ದಾರಿ, ಅದೇ ವೇಗ. ಜನವರಿಲಿ ನಾಡಿ 110 ಇರ್ತಿತ್ತು, ಏಪ್ರಿಲ್‌ನಲ್ಲಿ 125. ಹೃದಯ ವೀಕ್ ಆಯ್ತಾ?

ಇಲ್ಲ, ಸೆಕೆ. ಮೈ ತಂಪಾಗಲು ರಕ್ತದ ಒಂದು ಪಾಲು ಚರ್ಮಕ್ಕೆ ಹೋಗುತ್ತದೆ, ಬೆವರಿನಲ್ಲಿ ನೀರು ಕಳೆಯುತ್ತದೆ. ಒಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾದಾಗ ಹೃದಯ ಬಡಿತದ ಸಂಖ್ಯೆ ಹೆಚ್ಚಿಸಿ ಸರಿದೂಗಿಸುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬೆವರು ಆರುವುದೇ ಇಲ್ಲ, ನಾಡಿ ಇನ್ನಷ್ಟು ಏರುತ್ತದೆ. ಚಳಿಯಲ್ಲಿ ತಿರುಗುಮುರುಗು: ಚರ್ಮದ ನಾಳಗಳು ಮುದುಡಿ ಬಿಪಿ ಸ್ವಲ್ಪ ಮೇಲಿರುತ್ತದೆ. ಧನುರ್ಮಾಸದ ಬೆಳಗಿನಲ್ಲಿ ಬಿಪಿ ಇರುವವರು ಬಿಸಿಲು ಬಂದ ಮೇಲೆ ಹೊರಡಿ, ಕಿವಿ ತಲೆ ಮುಚ್ಚಿಕೊಳ್ಳಿ.

ಕವಳ (ಎಲೆಅಡಿಕೆ) ಹಾಕ್ಕೊಂಡು ನಡೆದ್ರೆ ಏನಾಗುತ್ತೆ?

ತಂಬಾಕಿನ ನಿಕೋಟಿನ್ ಕೂತಲ್ಲೇ ನಾಡಿ, ಬಿಪಿ ಎರಡನ್ನೂ ಏರಿಸುತ್ತದೆ. ಬರೀ ಅಡಿಕೆ ಜಗಿದರೂ ನಾಡಿ ಸ್ವಲ್ಪ ಹೊತ್ತು ಜಾಸ್ತಿಯಾಗುತ್ತದೆ. ಅದರ ಮೇಲೆ ಏರು ಹತ್ತಿದರೆ ಹೃದಯಕ್ಕೆ ಎರಡು ಹೊರೆ. ಅಡಿಕೆ ಬೆಳೆಯುವವರ ಮನೆಯಲ್ಲಿ ಹುಟ್ಟಿದವನಾಗಿ ಹೇಳುತ್ತೇನೆ, ತಂಬಾಕಂತೂ ಬಿಡಿ.

## ಮಾತ್ರೆ ತಗೊಳ್ಳುವವರ ಪ್ರಶ್ನೆಗಳು

ಎಷ್ಟು ಜೋರಾಗಿ ನಡೆದ್ರೂ ವಾಚಲ್ಲಿ 100 ದಾಟೋದೇ ಇಲ್ಲ. ಸಾಕಾಗ್ತಿಲ್ವಾ?

ಯಾವ ಮಾತ್ರೆ ಅಂತ ನೋಡಿ. ಅಟೆನೊಲಾಲ್, ಮೆಟೊಪ್ರೊಲಾಲ್ ಥರದವು ನಾಡಿ ಜಾಸ್ತಿ ಏರದ ಹಾಗೆ ಹಿಡಿದಿಡುತ್ತವೆ. ಅದೇ ಅವುಗಳ ಕೆಲಸ. 100 ದಾಟಿಸಲೇಬೇಕು ಅಂತ ಓಡಿದರೆ ಮೈಗೆ ಅತಿಯಾಗುತ್ತದೆ. ನಿಮಗೆ ನಾಡಿಯ ಲೆಕ್ಕ ಬೇಡ, ಮಾತಿನ ಪರೀಕ್ಷೆಯೇ ಸರಿ. ಆಮ್ಲೊಡಿಪಿನ್ ನಾಡಿಯನ್ನು ಹಾಗೆ ಕಟ್ಟುವುದಿಲ್ಲ. ಆದರೆ ಅದು ನಾಳಗಳನ್ನು ಅಗಲ ಮಾಡುವುದರಿಂದ ಜೋರು ನಡಿಗೆ ತಟಕ್ಕನೆ ನಿಲ್ಲಿಸಿದರೆ ತಲೆ ಸುತ್ತಬಹುದು. ನೀರು ಹೋಗುವ ಮಾತ್ರೆಯವರು ಬೇಸಿಗೆಯಲ್ಲಿ ಮೈಯ ನೀರು ಬತ್ತದ ಹಾಗೆ ನೋಡಿಕೊಳ್ಳಬೇಕು.

ಬಿಪಿ ಎಷ್ಟಿದ್ರೆ ಆ ದಿನ ನಡೀಬಾರದು?

ಐದು ನಿಮಿಷ ಕೂತು ನೋಡಿದ ಮೇಲೂ ಮೇಲಿನದು 180 ಅಥವಾ ಕೆಳಗಿನದು 110 ದಾಟಿದ್ದರೆ ಅವತ್ತು ವ್ಯಾಯಾಮ ಬೇಡ, ಡಾಕ್ಟರ ಹತ್ತಿರ ಹೋಗಿ. 150, 155 ಇದೆ ಅಂತ ನಡಿಗೆ ಬಿಡುವುದು ತಪ್ಪು, ಅವರಿಗೇ ನಡಿಗೆ ಹೆಚ್ಚು ಬೇಕಾಗಿರುವುದು.

ನಡೆಯುವಾಗ ಎದೆಯಲ್ಲಿ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಇವು ಕಂಡರೆ ಅಲ್ಲೇ ಕೂರಿ. ಗ್ಯಾಸ್ ಇರಬೇಕು ಅಂತ ಕಷಾಯ ಕುಡಿದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಕಾಡಂಚಿನ ಮನೆಗಳಿಗೆ ಗಾಡಿ ಬರಲು ಹೊತ್ತಾಗುತ್ತದೆ, ಹಾಗಾಗಿ ಪಕ್ಕದ ಮನೆಯ ಜೀಪನ್ನೂ ಅದೇ ಹೊತ್ತಿಗೆ ಕೇಳಿಬಿಡಿ.

ದಿನಾ ನಡೆದ್ರೆ ಮಾತ್ರೆ ಬಿಡಬಹುದಲ್ವಾ?

ಒಂದು ಸಲ ನಡೆದು ಸುಧಾರಿಸಿಕೊಂಡ ಮೇಲೆ ಬಿಪಿ ಹೊರಡುವಾಗ ಇದ್ದದ್ದಕ್ಕಿಂತ ಕೆಳಗೆ ಬರುತ್ತದೆ, ಕೆಲವು ಗಂಟೆ ಅಲ್ಲೇ ಇರುತ್ತದೆ. ಬಿಪಿ ಇದ್ದು ತಿಂಗಳುಗಟ್ಟಲೆ ತಪ್ಪದೆ ನಡೆದವರಲ್ಲಿ ಕೂತಾಗಿನ ಮೇಲಿನ ಅಂಕಿ ಸುಮಾರು 5ರಿಂದ 8 ಇಳಿಯುತ್ತದೆ. ಉಪ್ಪು ಕಡಿಮೆ ಮಾಡಿದರೆ ಇನ್ನೂ ಒಂದಷ್ಟು. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ ಅನ್ನುತ್ತಾರೆ, ನಮ್ಮ ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲ ಸೇರಿ. ಇಷ್ಟು ಇಳಿದಾಗ ಕೆಲವರಿಗೆ ಡಾಕ್ಟರೇ ಮಾತ್ರೆ ಕಡಿಮೆ ಮಾಡುತ್ತಾರೆ. ನೀವಾಗಿ ಬಿಡಬೇಡಿ. ಅಟೆನೊಲಾಲ್ ಥರದ್ದನ್ನು ಒಮ್ಮೆಲೇ ನಿಲ್ಲಿಸುವುದಂತೂ ಅಪಾಯ.

## ಇನ್ನೂ ಒಳಗೆ ಇಳಿದು ಕೇಳಿದವರಿಗೆ

220ರಿಂದ ವಯಸ್ಸು ಕಳೆಯೋ ಲೆಕ್ಕ ಎಷ್ಟು ಸರಿ?

ಹೃದಯ ಹೆಚ್ಚೆಂದರೆ ನಿಮಿಷಕ್ಕೆ ಎಷ್ಟು ಸಲ ಬಡಿಯಬಲ್ಲದು, ಅಂದರೆ ಗರಿಷ್ಠ ನಾಡಿ ಎಷ್ಟು ಅಂತ ಅಂದಾಜು ಮಾಡುವ ಒರಟು ಲೆಕ್ಕ ಅದು. 60 ವರ್ಷದವರಿಗೆ ಗರಿಷ್ಠ ನಾಡಿ 160 ಬರುತ್ತದೆ. ಅದೇ ವಯಸ್ಸಿನ ಒಬ್ಬರದ್ದು 148, ಇನ್ನೊಬ್ಬರದ್ದು 174 ಇರುವುದು ಸಾಧ್ಯ. 2001ರಲ್ಲಿ ಬಂದ ಇನ್ನೊಂದು ಸೂತ್ರ ಇದೆ: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ. ಅದೇ 60ಕ್ಕೆ 166. ವಯಸ್ಸಾದವರಿಗೆ ಇದು ಮೇಲು.

ನನಗೆ ಇಷ್ಟವಾದದ್ದು ಕಾರ್ವೊನೆನ್ ಕ್ರಮ, ಫಿನ್ಲೆಂಡಿನದು, 1957ರಿಂದ ಇದೆ. ಗರಿಷ್ಠದಿಂದ ಕೂತಾಗಿನ ನಾಡಿ ಕಳೆದು, ಉಳಿದದ್ದರಲ್ಲಿ ಪಾಲು ತೆಗೆಯುತ್ತಾರೆ. ಗರಿಷ್ಠ 160, ಕೂತಾಗ 70 ಇದ್ದರೆ ನಡುವೆ 90. ಅದರ ಶೇ 40 ಅಂದರೆ 36. ಅದನ್ನು 70ಕ್ಕೆ ಕೂಡಿಸಿದರೆ 106. ಶೇ 60 ಅಂದರೆ 54, ಕೂಡಿಸಿದರೆ 124. ಹಾಗಾಗಿ ಅವರಿಗೆ 106ರಿಂದ 124ರ ಒಳಗೆ ಮಧ್ಯಮ, ಮೇಲೆ ಹೋದರೆ ಜೋರು. ಪ್ರತಿಯೊಬ್ಬರ ವಿಶ್ರಾಂತಿಯ ನಾಡಿಯೂ ಲೆಕ್ಕಕ್ಕೆ ಬರುವುದೇ ಇದರ ಚೆಂದ.

ನಡಿಗೆ ನಿಲ್ಲಿಸಿದ ಮೇಲೆ ನಾಡಿ ಎಷ್ಟು ಬೇಗ ಇಳೀಬೇಕು?

ಹೃದಯವನ್ನು ತನ್ನಷ್ಟಕ್ಕೆ ಬಿಟ್ಟರೆ ಅದು ನಿಮಿಷಕ್ಕೆ 100ರ ಹತ್ತಿರ ಬಡಿಯುತ್ತದೆ. ಕೂತಾಗ 70 ಇರುವುದು ವೇಗಸ್ ಅನ್ನುವ ನರ ಬ್ರೇಕ್ ಒತ್ತಿಕೊಂಡಿರುವುದರಿಂದ, ಆಗುಂಬೆ ಘಾಟಿ ಇಳಿಯುವ ಬಸ್ಸಿನ ಡ್ರೈವರ್ ಹಾಗೆ. ನಡೆಯಲು ಶುರುಮಾಡಿದಾಗ ಮೊದಲು ಬ್ರೇಕ್ ಸಡಿಲವಾಗುತ್ತದೆ. 100 ದಾಟಿದ ಮೇಲೆ ಇನ್ನೊಂದು ನರಜಾಲ ಎಕ್ಸಲರೇಟರ್ ಒತ್ತುತ್ತದೆ. ನಿಲ್ಲಿಸಿದಾಗ ಬ್ರೇಕ್ ಎಷ್ಟು ಬೇಗ ಹಿಡಿಯುತ್ತದೆ ಅನ್ನುವುದೇ ನಿಮ್ಮ ಪ್ರಶ್ನೆ.

1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಪೂರ್ತಿ ಜೋರಿನಿಂದ ನಿಧಾನ ನಡಿಗೆಗೆ ಬಂದ ಮೊದಲ ನಿಮಿಷದಲ್ಲಿ ನಾಡಿ 12 ಅಥವಾ ಅದಕ್ಕಿಂತ ಕಡಿಮೆ ಇಳಿದವರಿಗೆ ಮುಂದೆ ಅಪಾಯ ಜಾಸ್ತಿ ಇದ್ದದ್ದು ಕಂಡಿತು. ದಿನಾ ನಡೆಯುವವರಲ್ಲಿ ಈ ಇಳಿತ ತಿಂಗಳು ತಿಂಗಳಿಗೆ ಚುರುಕಾಗುತ್ತದೆ. ಬರೆದಿಡಿ, ನೋಡಲು ಖುಷಿಯಾಗುತ್ತದೆ. ಒಂದು ಎಚ್ಚರ: ಓಡುತ್ತಿದ್ದವರು ತಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ನಿಂತು ಬಿಪಿ ಕುಸಿಯುತ್ತದೆ. ಐದು ನಿಮಿಷ ನಿಧಾನ ನಡೆದು ನಿಲ್ಲಿ.

ಟಿಎಂಟಿ ಮಾಡಿಸಿದ್ವಿ. ಬಿಪಿ 215ಕ್ಕೆ ಹೋಯ್ತು ಅಂದ್ರು. ತುಂಬಾನಾ?

ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಮೂರು ಮೂರು ನಿಮಿಷಕ್ಕೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತಾರೆ. ಮೇಲಿನ ಬಿಪಿ ಹಂತಹಂತವಾಗಿ ಏರಲೇಬೇಕು. ಗಂಡಸರಲ್ಲಿ 210, ಹೆಂಗಸರಲ್ಲಿ 190 ದಾಟಿದರೆ ಅತಿ ಏರಿಕೆ ಅನ್ನುತ್ತಾರೆ. ಅಂಥವರಿಗೆ ಈಗ ಬಿಪಿ ಇಲ್ಲದಿದ್ದರೂ ಮುಂದೆ ಬರುವ ಸಾಧ್ಯತೆ ಹೆಚ್ಚು, ಮನೆಯಲ್ಲಿ ಆಗಾಗ ನೋಡಿಕೊಳ್ಳಬೇಕು. 250/115 ದಾಟಿದರೆ ಪರೀಕ್ಷೆಯನ್ನೇ ನಿಲ್ಲಿಸುವುದು ರೂಢಿ. ಜೋರು ಹೆಚ್ಚುತ್ತಿರುವಾಗ ಮೇಲಿನ ಅಂಕಿ ಏರದೆ ಕೆಳಗೆ ಬಿದ್ದರೆ ಅದು ಇದಕ್ಕಿಂತ ಗಂಭೀರ, ಹೃದಯ ತಳ್ಳಲು ಸೋಲುತ್ತಿದೆ ಅಂತ ಅರ್ಥ ಇರಬಹುದು.

ಗೋಡೆಗೆ ಒರಗಿ ಕುರ್ಚಿ ಇಲ್ಲದೆ ಕೂತ್ರೆ ಬಿಪಿ ಇಳಿಯುತ್ತಂತೆ. ಬಿಗಿ ಹಿಡಿದ್ರೆ ಏರುತ್ತೆ ಅಂತ ನೀವೇ ಹೇಳಿದ್ರಲ್ಲ?

ಎರಡೂ ನಿಜ. ಬಿಗಿ ಹಿಡಿದಿರುವಾಗ ಬಿಪಿ ಏರುತ್ತದೆ. ಬಿಟ್ಟ ಕೂಡಲೇ ಅದುಮಿದ್ದ ನಾಳಗಳಿಗೆ ರಕ್ತ ನುಗ್ಗಿ ಅವು ಅಗಲವಾಗುತ್ತವೆ. ಅತಿ ಜೋರು ಮಾಡದೆ, ವಾರಗಟ್ಟಲೆ ಇದನ್ನು ಮಾಡಿದರೆ ಕೂತಾಗಿನ ಬಿಪಿ ಕೆಳಗಿಳಿಯುತ್ತದೆ. 2023ರಲ್ಲಿ ನೂರಾರು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ ಅಧ್ಯಯನದಲ್ಲಿ ಈ ಥರದ ವ್ಯಾಯಾಮದಿಂದ ಮೇಲಿನ ಅಂಕಿ ಸರಾಸರಿ 8ರಷ್ಟು ಇಳಿದಿತ್ತು, ನಡಿಗೆ, ಓಟದಂಥವುಗಳಿಂದ ಸುಮಾರು 4.5. ನಡಿಗೆ ಬಿಡಿ ಅಂತ ಇದರರ್ಥ ಅಲ್ಲ. ಸಕ್ಕರೆ, ತೂಕ, ದಮ್ಮು ಎಲ್ಲಕ್ಕೂ ನಡಿಗೆ ಬೇಕು.

ಆಷಾಢದ ಮಳೆ ಹಿಡಿದು ಅಂಗಳಕ್ಕೂ ಕಾಲಿಡಲಾಗದ ದಿನಗಳಿಗೆ ಇದು ಹೇಳಿ ಮಾಡಿಸಿದ್ದು. ಜಗುಲಿಯ ಗೋಡೆಗೆ ಬೆನ್ನು ಕೊಟ್ಟು ಕೆಳಗೆ ಜಾರಿ, ಎರಡು ನಿಮಿಷ ಹಾಗೇ ಇರಿ. ಎದ್ದು ಎರಡು ನಿಮಿಷ ಓಡಾಡಿ. ಹೀಗೆ ನಾಲ್ಕು ಸಲ, ವಾರಕ್ಕೆ ಮೂರು ದಿನ. ಬಿಪಿ ಹತೋಟಿಯಲ್ಲಿ ಇಲ್ಲದವರು ಮೊದಲು ಡಾಕ್ಟರನ್ನು ಕೇಳಿ. ಮಂಡಿನೋವು ಇದ್ದರೆ ಪೂರ್ತಿ ಕುರ್ಚಿಯ ಮಟ್ಟಕ್ಕೆ ಇಳಿಯಬೇಕಿಲ್ಲ, ಅರ್ಧಕ್ಕೇ ನಿಲ್ಲಿ. ಅಷ್ಟೂ ಹೊತ್ತು ಗಟ್ಟಿಯಾಗಿ ಅಂಕಿ ಎಣಿಸುತ್ತಿರಿ. ಎಣಿಸುವ ಬಾಯಿಗೆ ಉಸಿರು ಕಟ್ಟಲು ಬರುವುದಿಲ್ಲ.